ಮರಳಿನ ಮೇಲಿನ ಬೆರಳು

ವಿದ್ಯಾಭ್ಯಾಸದ ಇತಿಹಾಸವೆಂದರೆ ನಾವು ಸಾಮಾನ್ಯವಾಗಿ ಕಾಯಿದೆಗಳ, ಆಯೋಗಗಳ, ವಿಶ್ವವಿದ್ಯಾನಿಲಯಗಳ ಇತಿಹಾಸವೆಂದೇ ತಿಳಿಯುತ್ತೇವೆ. ಆಯಾ ಕಾಲದಲ್ಲಿ ಮಗುವಿನ ಕೈಯಲ್ಲಿ ಏನಿತ್ತು, ಕಣ್ಣೆದುರಿಗೆ ಏನಿತ್ತು, ಅದು ಯಾವುದನ್ನು ನೋಡಿ ಹಿಗ್ಗಿತು, ಯಾವುದನ್ನು ಕಂಡು ಆಕಳಿಸಿತು ಎಂಬ ಪ್ರಶ್ನೆಗಳನ್ನು ಕೇಳುವವರು ಕಡಮೆ. ಆದರೆ ಆರು ವರ್ಷದ ಕೂಸಿಗೆ ಆಯೋಗದ ವರದಿ ಗೊತ್ತಿಲ್ಲ. ಅದಕ್ಕೆ ಗೊತ್ತಿರುವುದು ಹಲಗೆ, ಬಳಪ, ಗೊಂಬೆ ಮತ್ತು ಮೇಷ್ಟರ ಮುಖ. ಪ್ರಾಥಮಿಕ ಶಾಲೆಯ ನಿಜವಾದ ಚರಿತ್ರೆ ಈ ವಸ್ತುಗಳಲ್ಲಿ ಅಡಗಿದೆ.

ಈಗ ಆ ಸಾಲಿಗೆ ಹೊಸದೊಂದು ವಸ್ತು ಸೇರಿದೆ: ಬೆಳಕಿನ ಪರದೆ. ‘ಡಿಜಿಟಲ್’ ಎಂಬ ಮಾತು ಇಂದು ಗ್ರಾಮ ಪಂಚಾಯಿತಿಯ ಕಚೇರಿಯಿಂದ ಹಿಡಿದು ಅಂಗಡಿಯ ಕಟ್ಟೆಯವರೆಗೆ ಓಡಾಡುತ್ತಿದೆ. ರಾಮನಗರದ ಗೂಡಿನ ಮಾರುಕಟ್ಟೆ ಏಷ್ಯಾ ಖಂಡದಲ್ಲಿಯೇ ದೊಡ್ಡದೆಂದು ಹೆಸರಾದದ್ದು. ಅಲ್ಲಿ ರೇಷ್ಮೆಗೂಡಿನ ಹರಾಜು ಗಣಕಯಂತ್ರದ ಮೂಲಕ ನಡೆಯುತ್ತದೆ. ತಂದೆಯ ಬೆಳೆಗೆ ಬೆಲೆ ಕಟ್ಟಲು ಬಂದ ಯಂತ್ರ ಮಗನ ಪಾಠಕ್ಕೂ ಬರುವುದು ಸಹಜವೇ. ಈ ‘ಡಿಜಿಟಲ್’ ಶಬ್ದದ ಮೂಲವಾದರೋ ಲ್ಯಾಟಿನ್ನಿನ ‘ಡಿಜಿಟಸ್’. ಅದರ ಅರ್ಥ ಬೆರಳು. ಬೆರಳಿನ ಎಣಿಕೆಯಿಂದ ಅಂಕಿ, ಅಂಕಿಯಿಂದ ಗಣಕ, ಹೀಗೆ ಆ ಶಬ್ದ ಬೆಳೆಯುತ್ತ ಬಂದಿತು. ನಮ್ಮ ಮಕ್ಕಳ ಮೊದಲ ಲೇಖನಿಯೂ ಬೆರಳೇ ಆಗಿತ್ತು. ಅಲ್ಲಿಂದ ಹೊರಟು ಇಂದಿನ ಪರದೆಯವರೆಗೆ ಬಂದ ದಾರಿಯನ್ನು ಒಮ್ಮೆ ನೋಡಿದರೆ, ಮುಂದೇನು ಮಾಡಬೇಕೆಂಬುದಕ್ಕೆ ಒಂದಿಷ್ಟು ಬೆಳಕು ದೊರೆಯಬಹುದು.

ಕೈಲಾಂಚ ಎಂಬುದು ರಾಮನಗರ ತಾಲ್ಲೂಕಿನ ಒಂದು ಹೋಬಳಿ. ಕರಿಬಂಡೆಯ ಬೆಟ್ಟಗಳು, ಹಿಪ್ಪುನೇರಳೆಯ ತೋಟಗಳು, ಮಾವಿನ ತೋಪುಗಳು ಇರುವ ಸೀಮೆ ಇದು. ಈ ಸೀಮೆ 2007ರಲ್ಲಿ ಬೆಂಗಳೂರು ಗ್ರಾಮಾಂತರದಿಂದ ಬೇರೆಯಾಗಿ ರಾಮನಗರ ಜಿಲ್ಲೆಯೆನಿಸಿತು. ಆ ಜಿಲ್ಲೆಗೆ 2025ರಲ್ಲಿ ಸರ್ಕಾರ ಬೆಂಗಳೂರು ದಕ್ಷಿಣ ಎಂದು ಹೆಸರಿಟ್ಟಿತು. ಹೆಸರಿನಲ್ಲಿ ಮಹಾನಗರ ಬಂದರೂ ಕೈಲಾಂಚದಂಥ ಹೋಬಳಿಯ ಮಗು ಓದುವುದು ಹಳ್ಳಿಯ ಶಾಲೆಯಲ್ಲಿಯೇ. ಆದ್ದರಿಂದ ಇಲ್ಲಿ ಹೇಳುವ ಚರಿತ್ರೆಯನ್ನು ದೊಡ್ಡ ಊರಿನ ಕಣ್ಣಿನಿಂದ ನೋಡದೆ ಹೋಬಳಿಯ ಕಣ್ಣಿನಿಂದ ನೋಡುವುದು ಒಳ್ಳೆಯದು.

ಹಳೆಯ ಕೂಲಿಮಠಗಳ ಬಗ್ಗೆ ನಮಗೆ ದೊರೆತಿರುವ ಅತ್ಯಂತ ಸ್ಪಷ್ಟವಾದ ಚಿತ್ರ ಬಳ್ಳಾರಿ ಜಿಲ್ಲೆಯದು. ಮದರಾಸಿನ ಗವರ್ನರನಾಗಿದ್ದ ಥಾಮಸ್ ಮನ್ರೋ 1822ರಲ್ಲಿ ದೇಶೀಯ ಶಾಲೆಗಳ ವಿವರವನ್ನು ಕಳುಹಿಸುವಂತೆ ಕಲೆಕ್ಟರುಗಳಿಗೆ ಆಜ್ಞಾಪಿಸಿದ. ಬಳ್ಳಾರಿಯ ಕಲೆಕ್ಟರ್ ಎ. ಡಿ. ಕ್ಯಾಂಬೆಲ್ 1823ರ ಆಗಸ್ಟಿನಲ್ಲಿ ಬರೆದ ಉತ್ತರ ಇಂದಿಗೂ ಓದಲು ಯೋಗ್ಯವಾಗಿದೆ. ಆ ಜಿಲ್ಲೆಯಲ್ಲಿ ಆಗ 533 ಶಾಲೆಗಳಿದ್ದುವು, 6,641 ಮಂದಿ ವಿದ್ಯಾರ್ಥಿಗಳಿದ್ದರು. ಶಾಲೆಗಳಲ್ಲಿ 235 ಕನ್ನಡದವು. ಮಗುವಿಗೆ ಐದು ವರ್ಷ ತುಂಬಿದಾಗ ಶಾಲೆಗೆ ಸೇರಿಸುತ್ತಿದ್ದರು. ಮೊದಲು ಮರಳಿನ ಮೇಲೆ ಬೆರಳಿನಿಂದ ಅಕ್ಷರ ತಿದ್ದಿಸುವುದು. ಕೈ ಪಳಗಿದ ಮೇಲೆ ಹಲಗೆ ಅಥವಾ ಕಡತ. ಈ ಕಡತವೆಂಬುದು ಇಂದಿನ ಸರ್ಕಾರಿ ಕಚೇರಿಯ ಕಡತವಲ್ಲ. ಬಟ್ಟೆಗೆ ಗಂಜಿ, ಇದ್ದಿಲ ಪುಡಿ, ಅಂಟು ಬಳಿದು ಒಣಗಿಸಿ ಮಡಿಸಿದ ಕರಿಯ ಪುಸ್ತಕವದು. ಬಳಪದ ಕಡ್ಡಿಯಿಂದ ಅದರ ಮೇಲೆ ಬರೆದು, ಬೇಡವಾದಾಗ ಒದ್ದೆಬಟ್ಟೆಯಿಂದ ಒರೆಸಿದರೆ ಹಾಳೆ ಮತ್ತೆ ಹೊಸದು.

ಈ ಎರಡು ಸಾಧನಗಳಲ್ಲಿಯೂ ಒಂದು ಸಮಾನ ಗುಣವನ್ನು ಕಾಣಬಹುದು. ಮರಳಿನ ಮೇಲಿನ ತಪ್ಪು ಅಂಗೈಯ ಒಂದು ಸವರಿಕೆಗೆ ಅಳಿಯುತ್ತದೆ. ಕಡತದ ತಪ್ಪು ಒದ್ದೆಬಟ್ಟೆಗೆ ಅಳಿಯುತ್ತದೆ. ಮಗುವಿಗೆ ತಪ್ಪು ಮಾಡುವ ಸ್ವಾತಂತ್ರ್ಯ ಅಲ್ಲಿತ್ತು, ತಿದ್ದಿಕೊಳ್ಳುವ ತೆರಪೂ ಇತ್ತು. ಇನ್ನೊಂದು ವಿಶೇಷವೆಂದರೆ, ಮುಂದುವರಿದ ಹುಡುಗರು ಹಿಂದಿನವರಿಗೆ ಹೇಳಿಕೊಡುತ್ತಿದ್ದ ಕ್ರಮ. ಮದರಾಸಿನ ಅನಾಥಾಲಯದ ಶಾಲೆಯನ್ನು ನಡೆಸುತ್ತಿದ್ದ ಆಂಡ್ರ್ಯೂ ಬೆಲ್ ಎಂಬ ಸ್ಕಾಟ್ಲೆಂಡಿನ ಪಾದ್ರಿ ಮರಳಿನಲ್ಲಿ ಬರೆಯಿಸುವ ಈ ನಾಡಿನ ಪದ್ಧತಿಯನ್ನು ಕಂಡು ಅದನ್ನು ತನ್ನ ಶಾಲೆಗೆ ತಂದ. ಹುಡುಗರೇ ಹುಡುಗರಿಗೆ ಕಲಿಸುವ ಏರ್ಪಾಡನ್ನು ಅದರೊಡನೆ ಸೇರಿಸಿ 1797ರಲ್ಲಿ ಲಂಡನ್ನಿನಲ್ಲಿ ಅದರ ವರದಿಯನ್ನು ಪ್ರಕಟಿಸಿದ. ‘ಮದರಾಸು ಪದ್ಧತಿ’ ಎಂಬ ಹೆಸರಿನಿಂದ ಅದು ಇಂಗ್ಲೆಂಡಿನ ಬಡಮಕ್ಕಳ ಶಾಲೆಗಳಲ್ಲಿ ಹರಡಿತು. ಹೊಸ ಸಾಧನಗಳೆಲ್ಲ ಹೊರಗಿನಿಂದಲೇ ನಮಗೆ ಬರಬೇಕೆಂಬ ನಂಬಿಕೆಗೆ ಇದೊಂದು ಒಳ್ಳೆಯ ಉತ್ತರ.

ಹಾಗೆಂದು ಕೂಲಿಮಠವನ್ನು ಹೊಗಳಿ ಕೂರುವಂತಿಲ್ಲ. ಅಲ್ಲಿ ಕೋದಂಡಕ್ಕೆ ಹಾಕುವ ಶಿಕ್ಷೆಯಿತ್ತು, ಅರ್ಥವರಿಯದ ಉರುಹೊಡೆತವಿತ್ತು. ಪಾಠ ಬಾಯಿಗೆ ಬಂದರೆ ಸಾಕು, ಬುದ್ಧಿಗೆ ಬರಬೇಕೆಂಬ ನಿಯಮವಿರಲಿಲ್ಲ. ಕ್ಯಾಂಬೆಲ್ಲನೂ ಇದನ್ನೇ ಆಕ್ಷೇಪಿಸಿದ. ಎಲ್ಲಕ್ಕಿಂತ ಮಿಗಿಲಾಗಿ, ಬಳ್ಳಾರಿಯ ಆ 6,641 ಮಂದಿಯಲ್ಲಿ ಹೆಣ್ಣುಮಕ್ಕಳು 60 ಮಾತ್ರ. ಸಾಧನ ಎಷ್ಟೇ ಅಗ್ಗವಾಗಿರಲಿ, ಮರಳು ಹೊಳೆಯಲ್ಲಿ ಬಿಟ್ಟಿಯಾಗಿ ಸಿಕ್ಕಲಿ, ಶಾಲೆಯ ಬಾಗಿಲು ಎಲ್ಲರಿಗೂ ತೆರೆಯದಿದ್ದರೆ ಆ ಸಾಧನ ಕೆಲವರ ಸೊತ್ತಾಗುತ್ತದೆ. ಈ ಮಾತು ನಮ್ಮ ಕಾಲಕ್ಕೂ ಬೇಕಾದೀತು.

ಮೈಸೂರು ಸಂಸ್ಥಾನದಲ್ಲಿ ಆ ಬಾಗಿಲನ್ನು ಸ್ವಲ್ಪ ಅಗಲಿಸಿದವರಲ್ಲಿ ಬಿ. ಎಲ್. ರೈಸರೂ ಒಬ್ಬರು. ಸಾಹಿತ್ಯಪ್ರಿಯರು ರೈಸರನ್ನು ಬಲ್ಲುದು ಶಾಸನಗಳಿಂದ, ಎಪಿಗ್ರಾಫಿಯ ಕರ್ನಾಟಿಕದಿಂದ. ಆದರೆ ವಿದ್ಯಾ ಇಲಾಖೆಯ ಅಧಿಕಾರಿಯಾಗಿ ಅವರು 1868ರಲ್ಲಿ ರೂಪಿಸಿದ ಹೋಬಳಿ ಶಾಲೆಗಳ ಯೋಜನೆಯೂ ಶಾಸನದಷ್ಟೇ ಬಾಳಿಕೆಯದು. ಕಂದಾಯದ ಲೆಕ್ಕಕ್ಕಾಗಿ ಇದ್ದ ಹೋಬಳಿಯೆಂಬ ಘಟಕ ಅಕ್ಷರದ ಲೆಕ್ಕಕ್ಕೂ ಬಂದಿತು. ವಿಶ್ವೇಶ್ವರಯ್ಯನವರು ದಿವಾನರಾಗಿದ್ದ ಕಾಲದಲ್ಲಿ, 1913ರಲ್ಲಿ, ಪ್ರಾಥಮಿಕ ವಿದ್ಯಾಭ್ಯಾಸದ ಕಾನೂನು ಜಾರಿಗೆ ಬಂದಿತು. ಮರಳಿನ ಸ್ಥಾನಕ್ಕೆ ಸ್ಲೇಟು ಬಂದಿತು, ಗೋಡೆಗೆ ಕರಿಹಲಗೆ ಬಂದಿತು, ಕೈಗೆ ಅಚ್ಚಿನ ಪುಸ್ತಕ ಬಂದಿತು.

ಅಚ್ಚಿನ ಪುಸ್ತಕವೂ ತನ್ನ ಕಾಲದಲ್ಲಿ ಹೊಸ ಮಾಧ್ಯಮವೇ. ಅದು ಮಗುವಿನ ಮನಸ್ಸನ್ನು ಹಿಡಿಯಬೇಕಾದರೆ ಮಗುವಿನ ಭಾಷೆಯಲ್ಲಿ ಮಾತನಾಡಬೇಕೆಂಬುದನ್ನು ನಮಗೆ ತೋರಿಸಿಕೊಟ್ಟವರಲ್ಲಿ ಪ್ರಮುಖರು ಜಿ. ಪಿ. ರಾಜರತ್ನಂ. ಅವರು ಹುಟ್ಟಿದ್ದು ಇದೇ ರಾಮನಗರದಲ್ಲಿ. ಕನ್ನಡದಲ್ಲಿ ಎಂ. ಎ. ಮಾಡಿ ಎಳೆಯ ಮಕ್ಕಳಿಗೆ ಪಾಠ ಹೇಳಲು ನಿಂತಾಗ, ಪುಸ್ತಕದ ಪದ್ಯಗಳು ಮಕ್ಕಳಿಗೆ ಕಬ್ಬಿಣದ ಕಡಲೆಯಾಗಿರುವುದನ್ನು ಅವರು ಕಂಡರು. ತಾವೇ ಬರೆದರು, ಹಾಡಿಸಿದರು. ಮಕ್ಕಳ ನಾಲಗೆಗೆ ಒಗ್ಗಿದ್ದನ್ನು ಉಳಿಸಿಕೊಂಡರು. ‘ತುತ್ತೂರಿ’ಯ ಪದ್ಯಗಳು ಹೀಗೆ ತರಗತಿಯ ನಡುವೆ ಹುಟ್ಟಿದವು. ಶಿವರಾಮ ಕಾರಂತರು 1936ರಲ್ಲಿ ಹೊರತಂದ ‘ಬಾಲಪ್ರಪಂಚ’ ಇನ್ನೊಂದು ದಾರಿಯದು. ಒಬ್ಬರೇ ಕುಳಿತು ಲೋಕದ ಅರಿವನ್ನೆಲ್ಲ ಚಿತ್ರಸಹಿತವಾಗಿ ಮಕ್ಕಳ ಮುಂದಿಡುವ ಸಾಹಸ. ಮಗುವಿಗೆ ಹಾಡೂ ಬೇಕು, ಚಿತ್ರವೂ ಬೇಕು, ತಿಳಿವಳಿಕೆಯೂ ಬೇಕು ಎಂಬುದನ್ನು ವಿದ್ಯುತ್ತಿಲ್ಲದ ಹಳ್ಳಿಗಳ ಕಾಲದಲ್ಲಿಯೇ ನಮ್ಮ ಹಿರಿಯರು ಅರಿತಿದ್ದರು.

ರಾಜರತ್ನಂ ಅವರ ತುತ್ತೂರಿಯ ಕತೆ ಎಲ್ಲರಿಗೂ ಗೊತ್ತು. ಬಣ್ಣಬಣ್ಣದ ತುತ್ತೂರಿಯನ್ನು ಕೊಂಡ ಹುಡುಗ ಜಂಬದಿಂದ ಊದುತ್ತ ನಡೆದ. ಅದು ನೀರಿಗೆ ಬಿದ್ದು ಅದರ ದನಿ ಹೋಯಿತು. ಕೊಳ್ಳುವುದು ಸುಲಭ, ದನಿಯನ್ನು ಉಳಿಸಿಕೊಳ್ಳುವುದು ಕಷ್ಟ. ಮುಂದಿನ ಎಂಬತ್ತು ವರ್ಷಗಳಲ್ಲಿ ನಮ್ಮ ಶಾಲೆಗಳಿಗೆ ಬಂದ ಯಂತ್ರಗಳ ಚರಿತ್ರೆಯನ್ನು ಓದುವಾಗ ಈ ಪದ್ಯ ಮತ್ತೆ ಮತ್ತೆ ನೆನಪಾಗುತ್ತದೆ.

ಯಂತ್ರಗಳಿಗೆ ಬರುವ ಮುಂಚೆ, ಈ ಸೀಮೆಯಲ್ಲಿಯೇ ಇದ್ದ ಎರಡು ಸಾಧನಗಳನ್ನು ನೆನೆಯಬೇಕು. ಒಂದು, ಚನ್ನಪಟ್ಟಣದ ಬೊಂಬೆ. ಆಲೆ ಮರದ ತುಂಡನ್ನು ತಿರುಗಣೆಯಲ್ಲಿ ಕಡೆದು, ಬಣ್ಣದ ಅರಗನ್ನು ಅದರ ಬಿಸಿಯಲ್ಲಿಯೇ ಹಿಡಿಸಿ ಮಾಡುವ ಈ ಕಲೆ ಟಿಪ್ಪು ಸುಲ್ತಾನನ ಆಶ್ರಯದಲ್ಲಿ ಬೆಳೆಯಿತೆಂದು ಪ್ರತೀತಿ. ಉರುಳುವ ಬಂಡಿ, ಒಂದರ ಮೇಲೊಂದು ಪೇರಿಸುವ ಬಳೆ, ಎಣಿಸುವ ಮಣಿಗಳ ಚೌಕಟ್ಟು, ಇವೆಲ್ಲ ಆಟವೂ ಹೌದು, ಗಣಿತವೂ ಹೌದು. ಇನ್ನೊಂದು, ತೊಗಲುಗೊಂಬೆ. ಎಚ್. ಎಲ್. ನಾಗೇಗೌಡರು ಕಟ್ಟಿ 1994ರಲ್ಲಿ ಉದ್ಘಾಟನೆಗೊಂಡ ರಾಮನಗರದ ಜಾನಪದ ಲೋಕದಲ್ಲಿ ಇಂದಿಗೂ ಅವನ್ನು ನೋಡಬಹುದು. ಬಿಳಿಯ ಪರದೆ, ಅದರ ಹಿಂದೆ ದೀಪ, ನಡುವೆ ಬಣ್ಣದ ತೊಗಲು: ಬೆಳಕಿನ ಪರದೆ ನಮ್ಮ ಹಳ್ಳಿಗೆ ಹೊಸದಲ್ಲ. ಆ ಪರದೆಯ ಹಿಂದೆ ಮನುಷ್ಯನಿದ್ದ. ಅವನಿಗೆ ಎದುರಿಗೆ ಕುಳಿತ ಜನರ ನಗು ಕೇಳಿಸುತ್ತಿತ್ತು. ವಿದೂಷಕನ ಬಾಯಲ್ಲಿ ಅದೇ ಊರಿನ ಸುದ್ದಿಯನ್ನು ಸೇರಿಸಿ ಉತ್ತರ ಕೊಡುತ್ತಿದ್ದ. ನೋಡುವವರನ್ನೂ ನೋಡುವ ಪರದೆ ಅದು.

ಕನ್ನಡ ನಾಡಿನಲ್ಲಿ ಬಾನುಲಿಯ ಕತೆ ಒಬ್ಬ ಮೇಷ್ಟರಿಂದಲೇ ಆರಂಭವಾಯಿತು. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು 1935ರ ಸೆಪ್ಟೆಂಬರ್ 10ರಂದು ತಮ್ಮ ಮನೆಯಿಂದಲೇ 30 ವಾಟ್ ಶಕ್ತಿಯ ಪ್ರೇಷಕ ಯಂತ್ರದ ಮೂಲಕ ಪ್ರಸಾರವನ್ನು ಆರಂಭಿಸಿದರು. ‘ಆಕಾಶವಾಣಿ’ ಎಂಬ ಹೆಸರು ಆ ಮನೆಯ ನಿಲಯದ್ದು. ಮುಂದೆ ಅದು ಇಡೀ ದೇಶದ ರೇಡಿಯೋಗೆ ಹೆಸರಾಯಿತು. ಮನಸ್ಸಿನ ಶಾಸ್ತ್ರವನ್ನು ಬೋಧಿಸುವವರೊಬ್ಬರು ಈ ಮಾಧ್ಯಮವನ್ನು ಹುಟ್ಟುಹಾಕಿದರೆಂಬುದು ಗಮನಾರ್ಹ. ಯಂತ್ರ ಮಾತನಾಡಿದ ಮಾತ್ರಕ್ಕೆ ಕೇಳುವವನ ಮನಸ್ಸು ಅದರ ಕಡೆಗೆ ತಿರುಗುವುದಿಲ್ಲವೆಂಬುದನ್ನು ಅಂಥವರಿಗೆ ಹೇಳಿಕೊಡಬೇಕಾಗಿರಲಿಲ್ಲ.

ಶಾಲೆಗಳಿಗಾಗಿ ರೇಡಿಯೋ ಪಾಠಗಳು ಬಂದಾಗ ಕಂಡ ತೊಡಕೂ ಇದೇ. ರೇಡಿಯೋ ಒಂದೇ ಸಮನೆ ಹೇಳುತ್ತದೆ. ಮಕ್ಕಳು ಒಂದೇ ಸಮನೆ ಸುಮ್ಮನಿರಬೇಕು. ಆರು ವರ್ಷದ ಮಗು ಎಷ್ಟು ಹೊತ್ತು ಸುಮ್ಮನಿದ್ದೀತು? ಇದಕ್ಕೆ ಒಂದು ಸರಳವಾದ ಪರಿಹಾರ ದೂರದ ಮಧ್ಯ ಅಮೆರಿಕದ ನಿಕರಾಗುವದಲ್ಲಿ 1970ರ ದಶಕದ ಮಧ್ಯದಲ್ಲಿ ದೊರೆಯಿತು. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ ವಿದ್ವಾಂಸರು ಅಲ್ಲಿಯ ಹಳ್ಳಿಶಾಲೆಗಳಿಗೆ ರೇಡಿಯೋದ ಮೂಲಕ ಗಣಿತ ಕಲಿಸುವ ಪ್ರಯೋಗವನ್ನು ಮಾಡಿದರು. ಅವರು ಮಾಡಿದ್ದಿಷ್ಟೆ: ರೇಡಿಯೋ ಒಂದು ಪ್ರಶ್ನೆಯನ್ನು ಕೇಳಿ ಸುಮ್ಮನಾಗುತ್ತಿತ್ತು. ಆ ಕೆಲವು ಕ್ಷಣಗಳ ಮೌನದಲ್ಲಿ ತರಗತಿಯ ಮಕ್ಕಳೆಲ್ಲ ಗಟ್ಟಿಯಾಗಿ ಉತ್ತರ ಹೇಳುತ್ತಿದ್ದರು. ಅನಂತರ ರೇಡಿಯೋ ಸರಿಯುತ್ತರವನ್ನು ಹೇಳುತ್ತಿತ್ತು. ಯಂತ್ರಕ್ಕೆ ಮಕ್ಕಳ ಮಾತು ಕೇಳಿಸದಿದ್ದರೂ, ಮಕ್ಕಳಿಗೆ ತಾವು ಸಂಭಾಷಣೆಯಲ್ಲಿ ಪಾಲುಗಾರರೆಂಬ ಭಾವನೆ ಬರುತ್ತಿತ್ತು. ಕರ್ನಾಟಕದಲ್ಲಿಯೂ ಈ ಶತಮಾನದ ಮೊದಲ ದಶಕದಲ್ಲಿ ಆಕಾಶವಾಣಿಯಿಂದ ಪ್ರಸಾರವಾದ ‘ಚುಕ್ಕಿ ಚಿನ್ನ’ದಂಥ ಕಾರ್ಯಕ್ರಮಗಳು ಇದೇ ಕ್ರಮವನ್ನು ಅನುಸರಿಸಿದುವು. ಕತೆಯ ನಡುವೆ ಪ್ರಶ್ನೆ, ಹಾಡಿನ ನಡುವೆ ಕುಣಿತ, ಮಾತಿನ ನಡುವೆ ಮೌನ. ಬೆಲೆಯಿಲ್ಲದ ಆ ಮೌನವೇ ಆ ಪಾಠದ ಅತ್ಯಂತ ಬೆಲೆಯುಳ್ಳ ಭಾಗವಾಗಿತ್ತು.

ಇನ್ನು ದೂರದರ್ಶನ. 1975ರ ಆಗಸ್ಟ್ ತಿಂಗಳು ಎರಡು ಕಾರಣಗಳಿಂದ ನೆನಪಿನಲ್ಲಿ ಉಳಿಯತಕ್ಕದ್ದು. ರಾಮನಗರದ ಬಂಡೆಗಳ ನಡುವೆ ಚಿತ್ರೀಕರಣಗೊಂಡ ‘ಶೋಲೆ’ ಆ ತಿಂಗಳ 15ರಂದು ಬಿಡುಗಡೆಯಾಯಿತು. ಈ ಬೆಟ್ಟಗಳು ದೇಶದ ಪರದೆಗಳ ಮೇಲೆಲ್ಲ ಕಾಣಿಸಿದುವು. ಅದಕ್ಕೆ ಎರಡು ವಾರ ಮುಂಚೆ, ಆಗಸ್ಟ್ 1ರಂದು, ‘ಸೈಟ್’ ಎಂಬ ಉಪಗ್ರಹ ದೂರದರ್ಶನ ಪ್ರಯೋಗ ಆರಂಭವಾಗಿತ್ತು. ಅಮೆರಿಕದಿಂದ ಎರವಲು ಪಡೆದ ಎ.ಟಿ.ಎಸ್.-6 ಎಂಬ ಉಪಗ್ರಹದ ಮೂಲಕ ಆರು ರಾಜ್ಯಗಳ 20 ಜಿಲ್ಲೆಗಳ 2,400 ಹಳ್ಳಿಗಳಿಗೆ ನೇರವಾಗಿ ಚಿತ್ರ ತಲುಪಿತು. ನಮ್ಮಲ್ಲಿ ಬಿಜಾಪುರ, ಗುಲ್ಬರ್ಗ, ರಾಯಚೂರು ಜಿಲ್ಲೆಗಳ ಹಳ್ಳಿಗಳು ಅದರಲ್ಲಿದ್ದುವು. ಬೆಳಗಿನ ಹೊತ್ತು ಒಂದೊಂದು ಭಾಷೆಯ ಶಾಲಾಮಕ್ಕಳಿಗೂ ಇಪ್ಪತ್ತೆರಡೂವರೆ ನಿಮಿಷಗಳ ಕಾರ್ಯಕ್ರಮ. ರೈಲನ್ನೂ ನೋಡದ ಊರಿನ ಮಕ್ಕಳು ಸಮುದ್ರವನ್ನು ನೋಡಿದರು.

ಈ ಪ್ರಯೋಗದ ಫಲವನ್ನು ಅಳೆದವರು ಹೇಳಿದ ಮಾತು ತೂಕದ್ದಾಗಿತ್ತು. ಶಾಲೆಗೆ ಸೇರುವ ಮಕ್ಕಳ ಸಂಖ್ಯೆಯಲ್ಲಾಗಲಿ ಬಿಟ್ಟುಹೋಗುವವರ ಸಂಖ್ಯೆಯಲ್ಲಾಗಲಿ ದೊಡ್ಡ ವ್ಯತ್ಯಾಸ ಕಾಣಲಿಲ್ಲ. ಆದರೆ ಮಕ್ಕಳ ಭಾಷೆಯಲ್ಲಿ, ಇನ್ನಷ್ಟು ತಿಳಿಯಬೇಕೆಂಬ ಆಸೆಯಲ್ಲಿ ಪ್ರಯೋಜನ ಕಂಡಿತು. ಎಂದರೆ, ದನ ಕಾಯಲು ಹೋಗುವ ಮಗುವನ್ನು ಪೆಟ್ಟಿಗೆ ಶಾಲೆಗೆ ಕರೆತರಲಾರದು. ಶಾಲೆಗೆ ಬಂದ ಮಗುವಿನ ಕಣ್ಣನ್ನು ಅದು ಅಗಲಿಸಬಲ್ಲುದು. 1976ರ ಜುಲೈ 31ರಂದು ಉಪಗ್ರಹದ ಎರವಲಿನ ಅವಧಿ ಮುಗಿಯಿತು. ತುತ್ತೂರಿಯ ದನಿ ನಿಂತಿತು. ಸುಮಾರು ಮೂವತ್ತು ವರ್ಷಗಳ ಅನಂತರ, 2004ರ ಸೆಪ್ಟೆಂಬರ್ 20ರಂದು, ನಮ್ಮವರೇ ಕಟ್ಟಿದ ‘ಎಜುಸ್ಯಾಟ್’ ಶ್ರೀಹರಿಕೋಟೆಯಿಂದ ಮೇಲೇರಿತು. ಶಿಕ್ಷಣಕ್ಕೆಂದೇ ಮೀಸಲಾದ ಉಪಗ್ರಹವಿದು. ಚಾಮರಾಜನಗರ ಜಿಲ್ಲೆಯ ನೂರಾರು ಪ್ರಾಥಮಿಕ ಶಾಲೆಗಳ ಮೇಲೆ ತಟ್ಟೆಗಳು ಎದ್ದುವು. ಬೆಂಗಳೂರಿನಲ್ಲಿ ಸಿದ್ಧವಾದ ಪಾಠ ಕಾಡಂಚಿನ ಊರಿಗೆ ಮುಟ್ಟಿತು. 2010ರಲ್ಲಿ ಆ ಉಪಗ್ರಹದ ಆಯುಷ್ಯವೂ ಮುಗಿಯಿತು. ಆಕಾಶದಲ್ಲಿರುವ ಮೇಷ್ಟರಿಗೆ ನಿವೃತ್ತಿ ಬೇಗ ಬರುತ್ತದೆ. ನೆಲದ ಮೇಲಿರುವ ಮೇಷ್ಟರೇ ಮಕ್ಕಳೊಡನೆ ಉಳಿಯುವವರು.

ಈ ದೊಡ್ಡ ಯಂತ್ರಗಳ ನಡುವೆ, 1995ರಲ್ಲಿ, ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಸದ್ದಿಲ್ಲದೆ ಒಂದು ಕೆಲಸ ನಡೆಯಿತು. ಅಲ್ಲಿಯ ಸರ್ಕಾರಿ ಶಾಲೆಗಳ ಕೆಲವು ಶಿಕ್ಷಕರು ಆಂಧ್ರದ ಋಷಿವ್ಯಾಲಿಯ ಸುತ್ತಲಿನ ಹಳ್ಳಿಶಾಲೆಗಳನ್ನು ನೋಡಿ ಬಂದು, ಯುನಿಸೆಫ್ ಸಂಸ್ಥೆಯ ನೆರವಿನಿಂದ, ಪಾಠವನ್ನು ಚಿಕ್ಕಚಿಕ್ಕ ಕಾರ್ಡುಗಳಾಗಿ ಬಿಡಿಸಿದರು. ‘ನಲಿ ಕಲಿ’ ಎಂಬ ಹೆಸರಿನ ಈ ಕ್ರಮದಲ್ಲಿ ಮಗು ತನ್ನ ಕಾರ್ಡನ್ನು ತಾನೇ ಹುಡುಕಿ ತೆಗೆಯುತ್ತದೆ, ತನ್ನ ಮೆಟ್ಟಿಲನ್ನು ತಾನೇ ಹತ್ತುತ್ತದೆ. ಒಂದು ವಾರ ಹೊಲದ ಕೆಲಸಕ್ಕೆ ಹೋಗಿ ಬಂದರೂ ಬಿಟ್ಟಲ್ಲಿಂದ ಮುಂದುವರಿಸಬಹುದು. 2009-10ರ ಹೊತ್ತಿಗೆ ಇದು ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳ ಮೊದಲ ತರಗತಿಗಳಿಗೆಲ್ಲ ಹರಡಿತು. ಪ್ರತಿ ಮಗುವೂ ತನ್ನ ವೇಗದಲ್ಲಿ ಕಲಿಯಬೇಕೆಂಬುದೇ ಇಂದಿನ ಗಣಕ ಪಾಠಗಳು ಸಾರುವ ದೊಡ್ಡ ತತ್ತ್ವ. ಆ ತತ್ತ್ವವನ್ನು ಹೆಗ್ಗಡದೇವನಕೋಟೆಯ ಮೇಷ್ಟರುಗಳು ರಟ್ಟು ಮತ್ತು ಬಣ್ಣದಲ್ಲಿ ಸಾಧಿಸಿದ್ದರು. ಮೇಲಿನಿಂದ ಬಂದ ಆಜ್ಞೆಯಾದಾಗ ನಲಿ ಕಲಿಯೂ ಕೆಲವು ಕಡೆ ಯಾಂತ್ರಿಕವಾಯಿತೆಂಬ ಆಕ್ಷೇಪಣೆ ಉಂಟು. ಮಾಡಿದವನಿಗೆ ಇರುವ ಹುರುಪು ಪಡೆದವನಿಗೆ ಇರುವುದು ಕಷ್ಟ.

2001ರಿಂದ ಮುಂದಕ್ಕೆ ಅಜೀಂ ಪ್ರೇಮ್‌ಜಿ ಪ್ರತಿಷ್ಠಾನ ಕರ್ನಾಟಕ ಸರ್ಕಾರದೊಡನೆ ಸೇರಿ ಹಳ್ಳಿಯ ಶಾಲೆಗಳಲ್ಲಿ ಗಣಕಯಂತ್ರದ ಕಲಿಕಾ ಕೇಂದ್ರಗಳನ್ನು ತೆರೆಯಿತು. ಚಿತ್ರ, ಕತೆ, ಆಟಗಳಿದ್ದ ಪಾಠಗಳು ಹಲವು ಭಾಷೆಗಳಲ್ಲಿ ಸಿದ್ಧವಾದುವು. ಮಕ್ಕಳು ಆಸೆಯಿಂದ ಸುತ್ತುವರಿದರು. ಆದರೆ ವರ್ಷಗಳು ಕಳೆದಂತೆ, ಯಂತ್ರದಿಂದ ಆಗಬೇಕೆಂದು ಬಯಸಿದ ಕಲಿಕೆ ಶಿಕ್ಷಕರಿಲ್ಲದೆ ಆಗದೆಂಬುದು ಅನುಭವಕ್ಕೆ ಬಂದಿತು. ಆ ಪ್ರತಿಷ್ಠಾನ ತನ್ನ ಗಮನವನ್ನು ಶಿಕ್ಷಕರ ತರಬೇತಿಯ ಕಡೆಗೆ ತಿರುಗಿಸಿತು. ಗಣಕೋದ್ಯಮದಿಂದ ಬಂದ ಸಂಪತ್ತಿನಲ್ಲಿ ನಡೆಯುವ ಸಂಸ್ಥೆಯೇ ಗಣಕವನ್ನು ಎರಡನೆಯ ಸ್ಥಾನದಲ್ಲಿಟ್ಟದ್ದು ನಮಗೊಂದು ಪಾಠ.

ಅನಂತರ 2020ರ ಮಾರ್ಚ್ ಬಂದಿತು. ಮಹಾಮಾರಿಯಿಂದಾಗಿ ಶಾಲೆಗಳಿಗೆ ಬೀಗ ಬಿದ್ದಿತು. ರಾಜ್ಯದ ಒಂದರಿಂದ ಐದನೆಯ ತರಗತಿಯ ಮಕ್ಕಳಿಗೆ ಆ ಬೀಗ ತೆರೆದದ್ದು 2021ರ ಅಕ್ಟೋಬರ್ 25ರಂದು. ಹತ್ತೊಂಬತ್ತು ತಿಂಗಳು! ಒಂದನೆಯ ತರಗತಿಗೆ ಸೇರಬೇಕಾಗಿದ್ದ ಮಗು ಶಾಲೆಯ ಒಳಗನ್ನು ಕಾಣದೆ ಎರಡನೆಯ ತರಗತಿಗೆ ದಾಟಿತು. ಚಂದನ ವಾಹಿನಿಯಲ್ಲಿ ‘ಸಂವೇದ’ ಪಾಠಗಳು ಬಂದುವು, ಯೂಟ್ಯೂಬಿನಲ್ಲಿ ‘ಮಕ್ಕಳ ವಾಣಿ’ ಬಂದಿತು, ಪಠ್ಯಪುಸ್ತಕಗಳ ಪುಟದಲ್ಲಿ ಮುದ್ರಿತವಾದ ಚೌಕಗಳನ್ನು ಫೋನಿಗೆ ತೋರಿಸಿದರೆ ‘ದೀಕ್ಷಾ’ ಜಾಲದ ಪಾಠ ತೆರೆಯುತ್ತಿತ್ತು. ಇವೆಲ್ಲ ಒಳ್ಳೆಯ ಪ್ರಯತ್ನಗಳೇ. ಆದರೆ ಮನೆಗೊಂದೇ ಫೋನು. ಅದು ಅಪ್ಪನ ಜೇಬಿನಲ್ಲಿ ಗೂಡಿನ ಮಾರುಕಟ್ಟೆಗೋ ಕೂಲಿಗೋ ಹೋಗುತ್ತಿತ್ತು. ಸಂಜೆ ಅದು ಮನೆಗೆ ಬಂದರೆ ಮೊದಲ ಹಕ್ಕು ಹತ್ತನೆಯ ತರಗತಿಯ ಅಣ್ಣನದು. ಎರಡನೆಯ ತರಗತಿಯ ತಂಗಿಯದು ಕೊನೆಯ ಸರದಿ. ಬಳ್ಳಾರಿಯ ಆ 60 ಹೆಣ್ಣುಮಕ್ಕಳ ಲೆಕ್ಕ ಇಲ್ಲಿ ಬೇರೆ ವೇಷದಲ್ಲಿ ಹಿಂತಿರುಗಿ ಬಂದಿತ್ತು.

ಆ ದಿನಗಳಲ್ಲಿ, 2020ರ ಆಗಸ್ಟಿನಲ್ಲಿ, ಸರ್ಕಾರ ‘ವಿದ್ಯಾಗಮ’ವನ್ನು ಆರಂಭಿಸಿತು. ಶಾಲೆಗೆ ಮಕ್ಕಳು ಬರುವಂತಿಲ್ಲವಾದರೆ ಮಕ್ಕಳಿದ್ದಲ್ಲಿಗೆ ಮೇಷ್ಟರು ಹೋಗಬೇಕು. ದೇವಸ್ಥಾನದ ಜಗಲಿ, ಅರಳಿಕಟ್ಟೆ, ಮರದ ನೆರಳು, ಅಲ್ಲಿ ಹತ್ತಾರು ಮಕ್ಕಳ ಗುಂಪು. ಸೋಂಕಿನ ಭಯದಿಂದ ನಡುವೆ ಅದನ್ನು ನಿಲ್ಲಿಸಬೇಕಾಯಿತು. ಎಲ್ಲ ಕಡೆ ಒಂದೇ ಬಗೆಯಾಗಿ ನಡೆಯಿತೆಂದೂ ಹೇಳಲಾಗದು. ಆದರೂ ನಮ್ಮ ಶಿಕ್ಷಣದ ಚರಿತ್ರೆಯಲ್ಲಿ ಇದು ಸಣ್ಣ ಘಟನೆಯಲ್ಲ. ಪರದೆಯ ಯುಗ ಉಚ್ಛ್ರಾಯದಲ್ಲಿದ್ದಾಗಲೇ ನಾವು ಮತ್ತೆ ಅರಳಿಕಟ್ಟೆಗೆ, ಎಂದರೆ ಕೂಲಿಮಠದ ಜಗಲಿಗೆ, ಹೋಗಬೇಕಾಯಿತು. ಬೀಗ ತೆರೆದ ಮೇಲೆ ಕಂಡದ್ದೇನು? ಬರೆಯುವುದನ್ನು ಮರೆತ ಕೈಗಳು, ಓದುವುದನ್ನು ಮರೆತ ಕಣ್ಣುಗಳು. 2022-23ನೆಯ ಸಾಲಿಗೆ ಸರ್ಕಾರ ‘ಕಲಿಕಾ ಚೇತರಿಕೆ’ ಎಂದು ಹೆಸರಿಟ್ಟದ್ದು ಅರ್ಥಪೂರ್ಣ. ಚೇತರಿಕೆಯೆಂಬುದು ಕಾಯಿಲೆಯಿಂದ ಎದ್ದವರಿಗೆ ಹೇಳುವ ಮಾತು.

ಈ ಚರಿತ್ರೆಯನ್ನು ಓದಿದವರು ಎರಡು ಬಗೆಯ ತೀರ್ಮಾನಕ್ಕೆ ಬರುವ ಅಪಾಯವಿದೆ. ಯಂತ್ರಗಳೆಲ್ಲ ಮೋಸ, ಮರಳೇ ಸಾಕು ಎಂಬುದು ಒಂದು. ಇಷ್ಟು ದಿನದ ಯಂತ್ರಗಳು ಸೋತುವು, ಈಗಿನದು ಗೆಲ್ಲುತ್ತದೆ ಎಂಬುದು ಇನ್ನೊಂದು. ಅಮೆರಿಕದ ಎಡಿಸನ್ ಮಹಾಶಯ ಚಲನಚಿತ್ರ ಬಂದ ಮೇಲೆ ಶಾಲೆಗಳಲ್ಲಿ ಪುಸ್ತಕಕ್ಕೆ ಕೆಲಸವಿರದೆಂದು 1913ರಲ್ಲಿಯೇ ಭವಿಷ್ಯ ನುಡಿದಿದ್ದ. ಪುಸ್ತಕ ಹೋಗಲಿಲ್ಲ. ಚಿಕ್ಕ ಮಕ್ಕಳ ಕೈಗೆ ಮೊದಲೇ ಪರದೆಯನ್ನು ಕೊಟ್ಟ ಸ್ವೀಡನ್ ದೇಶ 2023ರಲ್ಲಿ ಅಚ್ಚಿನ ಪುಸ್ತಕಕ್ಕೆ ಮರಳಲು ಹಣವನ್ನು ತೆಗೆದಿರಿಸಿತು. ಯಂತ್ರ ಗುರುಶಿಷ್ಯರ ಮುಖಾಮುಖಿಗೆ ಪೂರಕವಾಗಬೇಕಲ್ಲದೆ ಅದರ ಜಾಗವನ್ನು ಹಿಡಿಯಬಾರದೆಂದು ಯುನೆಸ್ಕೋ ಸಂಸ್ಥೆ ಅದೇ ವರ್ಷದ ತನ್ನ ಜಾಗತಿಕ ವರದಿಯಲ್ಲಿ ಹೇಳಿತು.

ನಮ್ಮ ಚರಿತ್ರೆ ಕಲಿಸುವುದು ಈ ಎರಡು ತೀರ್ಮಾನಗಳಿಗಿಂತ ಬೇರೆಯಾದ ಒಂದು ಮಾತನ್ನು. ಮಗುವಿನ ಆಸಕ್ತಿಯನ್ನು ಹಿಡಿದ ಸಾಧನಗಳನ್ನು ಸಾಲಾಗಿ ನಿಲ್ಲಿಸಿ ನೋಡಿ: ಅಳಿಸಿ ಬರೆಯಬಹುದಾದ ಮರಳು, ಒರೆಸಬಹುದಾದ ಕಡತ, ಹಾಡಿ ಕುಣಿಯಬಹುದಾದ ಪದ್ಯ, ಕೈಯಲ್ಲಿ ಹಿಡಿದು ಜೋಡಿಸಬಹುದಾದ ಬೊಂಬೆ, ಪ್ರಶ್ನೆ ಕೇಳಿ ಸುಮ್ಮನಾಗುವ ರೇಡಿಯೋ, ತಾನೇ ಹುಡುಕಿ ತೆಗೆಯುವ ಕಾರ್ಡು. ಇವೆಲ್ಲದರಲ್ಲಿಯೂ ಮಗುವಿಗೆ ಒಂದು ತೆರಪಿದೆ. ಮಗುವಿನ ಕೈಗೋ ಬಾಯಿಗೋ ಕಾಲಿಗೋ ಕೆಲಸವಿದೆ. ಸೋತ ಸಾಧನಗಳಲ್ಲಿ ಆ ತೆರಪಿರಲಿಲ್ಲ, ಅಥವಾ ಇದ್ದ ತೆರಪನ್ನು ಬಳಸಿಕೊಳ್ಳಬಲ್ಲ ಮೇಷ್ಟರು ಪಕ್ಕದಲ್ಲಿರಲಿಲ್ಲ. ಬಣ್ಣದ ಚಿತ್ರ ಓಡುತ್ತಿರುವಾಗ ಮಗು ಕಣ್ಣು ಮಿಟುಕಿಸದೆ ನೋಡುತ್ತದೆ. ಅದನ್ನೇ ನಾವು ಆಸಕ್ತಿಯೆಂದು ಭ್ರಮಿಸುತ್ತೇವೆ. ನೋಡುವುದು ಬೇರೆ, ತೊಡಗುವುದು ಬೇರೆ. ಚಿತ್ರ ನಿಂತ ಮೇಲೆ ಮಗು ಒಂದು ಪ್ರಶ್ನೆಯನ್ನು ಕೇಳಿತೇ ಎಂಬುದೇ ಅಳತೆಗೋಲು.

ಕೈಲಾಂಚದ ಸುತ್ತಿನ ರೈತರಿಗೆ ಇದನ್ನು ವಿವರಿಸುವ ಅಗತ್ಯವಿಲ್ಲ. ರೇಷ್ಮೆಹುಳು ಮೊಟ್ಟೆಯೊಡೆದು ಗೂಡು ಕಟ್ಟುವುದರೊಳಗೆ ನಾಲ್ಕು ಸಲ ಪೊರೆ ಕಳಚುತ್ತದೆ. ಇದನ್ನು ಅವರು ‘ಜ್ವರ’ ಎನ್ನುತ್ತಾರೆ. ಜ್ವರಕ್ಕೆ ಕುಳಿತ ಹುಳು ತಲೆಯೆತ್ತಿ ಅಲುಗದೆ ನಿಲ್ಲುತ್ತದೆ. ಆಗ ಯಾವ ಬುದ್ಧಿವಂತನೂ ಅದಕ್ಕೆ ಸೊಪ್ಪು ಹಾಕುವುದಿಲ್ಲ. ಹೊರಗೆ ಏನೂ ನಡೆಯದಂತೆ ಕಾಣುವ ಆ ಹೊತ್ತಿನಲ್ಲಿಯೇ ಒಳಗೆ ಹುಳು ದೊಡ್ಡದಾಗುತ್ತಿರುತ್ತದೆ. ಎಲ್ಲ ಹುಳುಗಳೂ ಜ್ವರದಿಂದ ಎದ್ದುವೇ ಎಂದು ತಟ್ಟೆಯ ಮೇಲೆ ಬಾಗಿ ನೋಡಿ, ಆಮೇಲೆ ಎಳೆಯ ಸೊಪ್ಪು ಹಾಕುತ್ತಾರೆ. ಸೊಪ್ಪು ಎಷ್ಟಿದೆಯೆಂಬುದರಷ್ಟೇ ಮುಖ್ಯ, ಯಾವಾಗ ನಿಲ್ಲಿಸಬೇಕೆಂಬ ತಿಳಿವಳಿಕೆ. ಆ ತಿಳಿವಳಿಕೆ ಬಾಗಿ ನೋಡುವ ಕಣ್ಣಿಗೆ ಮಾತ್ರ ಉಂಟು.

ಪ್ರಾಥಮಿಕ ಶಾಲೆಗೆ ಪರದೆ ಬರಲಿ. ಬರುವಾಗ ಅದರ ಜೊತೆಗೆ ಮೂರು ವಿಚಾರಗಳೂ ಬರಲಿ. ಮೊದಲನೆಯದು, ತರಗತಿಗೆ ಶಿಕ್ಷಕರನ್ನು ಕೊಟ್ಟ ಮೇಲೆ ಯಂತ್ರವನ್ನು ಕೊಡಬೇಕು. ಶಿಕ್ಷಕರಿಲ್ಲದ ಕೊರತೆಯನ್ನು ಮುಚ್ಚಲು ಯಂತ್ರವನ್ನು ತಂದರೆ ಕೊರತೆ ಎರಡಾಗುತ್ತದೆ. ಎರಡನೆಯದು, ಕೊಂಡ ದಿನದ ಸಮಾರಂಭಕ್ಕೆ ಇರುವ ಉತ್ಸಾಹ ಕೆಟ್ಟ ದಿನದ ದುರಸ್ತಿಗೂ ಇರಬೇಕು. ಇಲ್ಲದಿದ್ದರೆ ರಾಜರತ್ನಂ ಅವರ ತುತ್ತೂರಿಯ ಪಾಡು. ಮೂರನೆಯದು ಎಲ್ಲಕ್ಕಿಂತ ದೊಡ್ಡದು: ಮಗು ಪರದೆಯನ್ನು ನೋಡುವ ಪ್ರೇಕ್ಷಕ ಮಾತ್ರವಾಗದೆ ಅದರಲ್ಲಿ ಏನನ್ನಾದರೂ ಮಾಡುವ ಕರ್ತೃವಾಗಬೇಕು.

ಇದಕ್ಕೆ ದೂರದ ಉದಾಹರಣೆ ಬೇಡ. ನಾಗೇಗೌಡರು ಊರೂರು ಅಲೆದು, ಹಾಡುವ ಮುದುಕಿಯರ ಮುಂದೆ ಕುಳಿತು, ಪದಗಳನ್ನು ಬರೆದುಕೊಂಡರು, ಧ್ವನಿಮುದ್ರಿಸಿಕೊಂಡರು. ಅವರಿಗೆ ಬೇಕಾಗಿದ್ದ ಯಂತ್ರಕ್ಕಿಂತ ಹೆಚ್ಚಿನದು ಇಂದು ಪ್ರತಿಯೊಬ್ಬ ಶಿಕ್ಷಕನ ಜೇಬಿನಲ್ಲಿದೆ. ನಾಲ್ಕನೆಯ ತರಗತಿಯ ಮಕ್ಕಳು ಮೇಷ್ಟರೊಡನೆ ಹೋಗಿ, ಅಜ್ಜಿ ಹೇಳುವ ಒಗಟನ್ನು, ಹುಳು ಸಾಕುವ ಚಿಕ್ಕಪ್ಪ ಬಳಸುವ ಮಾತುಗಳನ್ನು, ಬೊಂಬೆ ಕಡೆಯುವ ಕೈಯನ್ನು ಆ ಫೋನಿನಲ್ಲಿ ಹಿಡಿದು ತರಲಿ. ಶಾಲೆಗೆ ಬಂದು ಅದನ್ನು ಕೇಳಿ, ಬರೆದು, ತಿದ್ದಿ, ಮತ್ತೊಬ್ಬರಿಗೆ ಓದಿ ಹೇಳಲಿ. ಆಗ ಭಾಷೆಯೂ ಬಂದೀತು, ಗಣಿತವೂ ಬಂದೀತು, ಊರಿನ ಮೇಲೆ ಅಭಿಮಾನವೂ ಬಂದೀತು. ಶಾಲೆಗೆ ಒಂದೇ ಫೋನು ಸಾಕಾಗುವ ಪಾಠವಿದು. ಇದರಲ್ಲಿ ಅಣ್ಣನ ಸರದಿ, ತಂಗಿಯ ಸರದಿ ಎಂಬ ಭೇದವಿಲ್ಲ.

ಗಾಜು ಆಗುವುದು ಮರಳಿನಿಂದ. ಗಣಕಯಂತ್ರದ ಮಿದುಳೆನಿಸಿದ ಸಿಲಿಕಾನೂ ಮರಳಿನಲ್ಲಿಯೇ ಅಡಗಿರುವ ಧಾತು. ಇನ್ನೂರು ವರ್ಷಗಳ ಹಿಂದೆ ಮಗುವಿನ ಬೆರಳು ಓಡಾಡಿದ್ದು ಮರಳಿನ ಮೇಲೆ, ಇಂದು ಓಡಾಡುವುದೂ ಒಂದರ್ಥದಲ್ಲಿ ಮರಳಿನ ಮೇಲೆಯೇ. ಅಂದು ಆ ಬೆರಳನ್ನು ಹಿಡಿದು ‘ಅ’ಕಾರವನ್ನು ತಿದ್ದಿಸಲು ಅಯ್ಯನವರ ಕೈಯೊಂದಿತ್ತು. ಆ ಕೈ ಒಮ್ಮೊಮ್ಮೆ ಹೊಡೆಯಿತು. ಎಲ್ಲರ ಬೆರಳನ್ನೂ ಅದು ಹಿಡಿಯಲಿಲ್ಲ. ಹೊಡೆಯದ, ಯಾರನ್ನೂ ಬಿಡದ ಒಂದು ಕೈಯನ್ನು ಪ್ರತಿ ಹೋಬಳಿಯ ಪ್ರತಿ ತರಗತಿಗೂ ಒದಗಿಸುವುದು ಇನ್ನೂ ಬಾಕಿ ಉಳಿದಿರುವ ಕೆಲಸ. ಪರದೆಯನ್ನು ಕೊಳ್ಳುವ ಹಣವನ್ನು ಮಂಜೂರು ಮಾಡುವವರು ಈ ಬಾಕಿಯನ್ನೂ ಅದೇ ಲೆಕ್ಕದ ಪುಸ್ತಕದಲ್ಲಿ ಬರೆದಿಟ್ಟುಕೊಳ್ಳುವುದು ಅವಶ್ಯಕ.